ಸೋಸದೆ ಕುಡಿದ ಹಸಿರು

ಮಾವಶಿಯ ಮಿಕ್ಸರಿನ ಬಣ್ಣ ತಿಳಿಹಸಿರು ಎಂದು ನನ್ನ ನೆನಪು. ಅಲ್ಲ, ಬಿಳಿ ಇತ್ತು, ಒಳಗಿದ್ದದ್ದನ್ನು ಹೊರಗೆ ಹಚ್ಚಿ ನೆನಪಿಟ್ಟುಕೊಂಡಿದ್ದೀ ಎನ್ನುತ್ತಾನೆ ನನ್ನ ತಮ್ಮ. ಇರಬಹುದು. ಅವರು ಬೆಳಗಾವಿಯ ಹಿಂದವಾಡಿಯಲ್ಲಿದ್ದ ನಮ್ಮ ಗಲ್ಲಿಗೆ ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗಲೋ ಕಾಲೇಜು ಸೇರಿದ ಮೇಲೋ, ಅದೂ ಖಚಿತವಿಲ್ಲ. ಆ ವಯಸ್ಸಿನಿಂದಲೇ ದಿನಚರಿ ಬರೆಯುತ್ತ ಬಂದಿದ್ದೇನೆ ನಿಜ, ಆದರೆ ಆಗಿನ ಪುಟಗಳ ತುಂಬ ನಾನೇ ಇದ್ದೇನೆ, ಬೇರೆಯವರಿಗೆ ಜಾಗ ಕಡಿಮೆ. ಮಾವಶಿಯ ಬಗ್ಗೆ ಅಲ್ಲಿ ಪದೇ ಪದೇ ಕಾಣುವುದು ಒಂದೇ ಮಾತು: ‘ಇವತ್ತೂ ಹಸಿರು.’

ಮೊನ್ನೆ ಖಾನಾಪುರದಿಂದ ಅತ್ತೆ, ಅಂದರೆ ಅಪ್ಪನ ತಂಗಿ, ಫೋನ್ ಮಾಡಿದಳು.

“ನಿಮ್ಮ ಮಾವಶಿ ಹೋದ್ಲವ್ವಾ.”

ಮಾವಶಿ ಬೆಳಗಾವಿಯ ರಾಮತೀರ್ಥ ನಗರದಲ್ಲಿ ತಮ್ಮ ಸ್ವಂತ ತಮ್ಮನ ಮಗನ ಮನೆಯಲ್ಲಿ ಇದ್ದರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ.

“ಎಲ್ಲಾ ಹಲ್ಲ ಹಂಗ ಇದ್ದೂ ನೋಡ. ನನ್ನ ಬಾಯಾಗ ಹುಡುಕಿದ್ರೂ ಸಿಗೂದಿಲ್ಲ, ಅಕಿ ಮಾತ್ರ ಎಲ್ಲಾ ಹೊತ್ತಕೊಂಡ ಹೋದ್ಲು” ಎಂದು ಅತ್ತೆ ಅಳುತ್ತಲೇ ನಕ್ಕಳು. ಇಬ್ಬರೂ ಖಾನಾಪುರದ ಸಾಲೆಯಲ್ಲಿ ಒಂದೇ ಬೆಂಚಿನವರು.

ಮಾವಶಿ ಎಂದರೆ ಮರಾಠಿಯಲ್ಲಿ ಅವ್ವನ ಅಕ್ಕತಂಗಿ, ಆದರೆ ಅವರು ನಮಗೆ ಸಂಬಂಧಿಕರಲ್ಲ. ನಮ್ಮ ಬಾಜು ಮನೆಯವರು. ಬೆಳಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು, ಮದುವೆಯಾಗಿರಲಿಲ್ಲ. ಅತ್ತೆಯ ಗೆಳತಿ ಎಂದು ಅವ್ವನೇ ಮುಂದೆ ನಿಂತು ಅವರಿಗೆ ಆ ಮನೆ ಬಾಡಿಗೆಗೆ ಕೊಡಿಸಿದ್ದಳು. ಆ ದಿನಗಳಲ್ಲಿ ಪರವೂರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಲೈನು ಸಿಕ್ಕ ಮೇಲೆ ಮೂರು ಮಿನಿಟಿಗೊಮ್ಮೆ ಆಪರೇಟರ್ ನಡುವೆ ಬಂದು, ಮುಂದುವರಿಸುತ್ತೀರಾ ಎಂದು ಕೇಳುತ್ತಿದ್ದಳು. ಮಾವಶಿ ಆ ಅಭ್ಯಾಸವನ್ನು ಮನೆಗೂ ತಂದಿದ್ದರು. ಕಟ್ಟೆಯ ಮೇಲೆ ಯಾರಾದರೂ ಸೊಸೆಯ ದೂರು ಶುರು ಮಾಡಿದರೆ ಶಾಂತವಾಗಿ ಕೇಳಿ, “ಮೂರ ಮಿನಿಟ ಆತ್ರೀ” ಎಂದು ಸೆರಗು ಕೊಡವಿಕೊಂಡು ಏಳುತ್ತಿದ್ದರು. ಯಾರಿಗೂ ಬೇಸರವಾಗುತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಬೇಸರವಾಗಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ.

ಹಸಿ ತಪ್ಪಲು, ಅಂದರೆ ಸೊಪ್ಪು, ತಿನ್ನುವುದು ನಮ್ಮ ಕಡೆ ಹೊಸದೇನಲ್ಲ. ರೊಟ್ಟಿಯ ಜೊತೆ ಹಸಿ ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು ಇಲ್ಲದಿದ್ದರೆ ಅಪ್ಪನಿಗೆ ಊಟವೇ ಅಲ್ಲ. ಆದರೆ ಅದನ್ನು ರುಬ್ಬಿ ಗ್ಲಾಸಿಗೆ ಹಾಕಿ ಕುಡಿಯುವುದನ್ನು ನಮ್ಮ ಗಲ್ಲಿ ಕಂಡಿರಲಿಲ್ಲ. ಮಾವಶಿ ಅದನ್ನು ಯಾವ ಪುಸ್ತಕ ಓದಿಯೂ ಕಲಿತವರಲ್ಲ. ಅವರ ಕೆಲಸವೇ ಅದನ್ನು ಕಲಿಸಿತ್ತು.

“ಬೋರ್ಡಿನ ಮುಂದ ಕುಂತಾಗ ಬಾಯಾಗ ರೊಟ್ಟಿ ಇದ್ದರ ‘ನಂಬರ್ ಪ್ಲೀಸ್’ ಹೆಂಗ ಅನ್ನಬೇಕು, ನೀನ ಹೇಳ” ಎಂದು ಅವ್ವನ ಮುಂದೆ ಹೇಳುತ್ತಿದ್ದರು. “ಮೆಂತ್ಯಾ ಹಲ್ಲಾಗ ಸಿಗತೈತಿ, ಸಾಹೇಬ ಬೈತಾನ. ಕುಡದರ ಬೈಯಾಕ ಬರೂದಿಲ್ಲ.”

ರೂಢಿಯ ಅಳತೆ ಹೀಗಿತ್ತು: ಎರಡು ಹಿಡಿ ಪಾಲಕ್, ಒಂದು ಹಿಡಿ ಎಳೆ ರಾಜಗಿರಿ, ನಾಲ್ಕು ಎಸಳು ಕೊತ್ತಂಬರಿ, ಒಂದು ಖಾನಾಪುರದ ಸಣ್ಣ ಬಾಳೆಹಣ್ಣು, ಬೆಲ್ಲದ ಚೂರು, ಶುಂಠಿ, ಲಿಂಬೆ. ಮೆಂತ್ಯೆ ಹಾಕಿದ ದಿನ ಬೆಲ್ಲ ಹೆಚ್ಚು. ಮೊದಲು ಒರಳಿನಲ್ಲಿ ರುಬ್ಬುತ್ತಿದ್ದರಂತೆ. ಆಮೇಲೆ ಮಿಕ್ಸರ್ ಬಂತು. ಗಲ್ಲಿಗೆ ಬಂದ ಮೊದಲ ಮಿಕ್ಸರ್ ಅದು. ಅದರ ಸದ್ದಿಗಿಂತ ದೊಡ್ಡ ತೊಂದರೆ ರೇಡಿಯೋದ್ದು. ಮಿಕ್ಸರ್ ತಿರುಗಿದೊಡನೆ ನಾಲ್ಕಾರು ಮನೆಗಳ ರೇಡಿಯೋ ಒಟ್ಟಿಗೇ ಬರ್ರ್ ಎನ್ನುತ್ತಿತ್ತು. ಅದು ಸರಿಯಾಗಿ ಮುಂಜಾನೆಯ ವಾರ್ತೆಯ ಹೊತ್ತು.

“ಮಂತ್ರಿ ರಾಜೀನಾಮೆ ಕೊಟ್ಟರೋ ಇಲ್ಲೋ ಗೊತ್ತಾಗಲಿಲ್ಲ. ಅಷ್ಟರಾಗ ತಪ್ಪಲ ಬಂತು” ಎಂದು ಅಪ್ಪ ರೇಡಿಯೋದ ಕಿವಿ ಹಿಂಡುತ್ತ ಗೊಣಗುತ್ತಿದ್ದ. “ಅವರಿಗೆ ಒಂದೀಟ ಹೇಳ.”

ಹೇಳಬೇಕಾದದ್ದು ಅವ್ವ. ಅಪ್ಪ ಮಾವಶಿಯ ಜೊತೆ ನೇರ ಮಾತಾಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ. ಆಗ ನಮ್ಮ ಗಲ್ಲಿಯ ಗಂಡಸರು ಬಾಜು ಮನೆಯ ಹೆಂಗಸರ ಜೊತೆ ಹಾಗೆ ಮಾತಾಡುತ್ತಿರಲಿಲ್ಲ, ಅದರಲ್ಲೂ ಒಬ್ಬರೇ ಇರುವವರ ಜೊತೆ. ಗೋಡೆಯ ಆಚೆಗೆ ಎಲ್ಲವೂ ಕೇಳುವಂತಿದ್ದರೂ ಅವ್ವ ಹೋಗಿ ಹೇಳುವಳು, ಉತ್ತರ ತರುವಳು.

“ವಾರ್ತೆ ಮುಗದ ಮ್ಯಾಲೆ ರುಬ್ಬಿದರ ನನ್ನ ಬಸ್ಸ ಹೋಗತೈತಿ. ಮಂತ್ರಿಗೆ ಹೇಳ್ರಿ, ಐದ ಮಿನಿಟ ತಡಾ ಮಾಡಿ ರಾಜೀನಾಮೆ ಕೊಡ ಅಂತ” ಎಂಬ ಉತ್ತರ ಗೋಡೆ ದಾಟಿ ನಮಗೆ ಮೊದಲೇ ಕೇಳಿಸಿರುತ್ತಿತ್ತು. ಅಪ್ಪ ಮೀಸೆಯಲ್ಲಿ ನಗುತ್ತಿದ್ದನೆಂದು ನನ್ನ ಗುಮಾನಿ.

ಮಾವಶಿ ಆ ಹಸಿರನ್ನು ಸೋಸುತ್ತಿರಲಿಲ್ಲ. ಎದುರು ಮನೆಯ ನಾನಿ, ಮನೆಯಲ್ಲಿ ಉರ್ದು ಆಡುವವರು, ಒಮ್ಮೆ ಬಟ್ಟೆಯಲ್ಲಿ ಸೋಸಿ ಕುಡಿದು ಈಗ ಸರಿಯಾಯಿತು ಎಂದರಂತೆ. ಮಾವಶಿ ಆ ಬಟ್ಟೆಯೊಳಗಿನ ಉಂಡೆಯನ್ನು ಕೈಯಲ್ಲಿ ಹಿಡಿದು, “ಇದನ್ನ ಯಾರಿಗೆ ಹಾಕ್ತೀರಿ?” ಎಂದರು.

“ಬಕರಿಗೆ” ಎಂದು ನಾನಿ ತಮ್ಮ ಆಡಿನ ಕಡೆ ಕೈ ತೋರಿಸಿದರು.

“ನೋಡ್ರಿ, ನಿಮ್ಮ ಬಕರಿ ನಿಮಗಿಂತ ಶಾಣ್ಯಾ.”

ನಾನಿ ಈ ಮಾತನ್ನು ಗಲ್ಲಿಗೆಲ್ಲ ತಾವೇ ಹೇಳಿಕೊಂಡು ಬಂದರು. ಕುಡಿಯುವುದಕ್ಕೂ ಒಂದು ಕ್ರಮವಿತ್ತು. ಗಟಗಟ ಎತ್ತಬಾರದು. ಒಂದು ಗುಟುಕು ಬಾಯಲ್ಲಿಟ್ಟು, ಅಗಿಯುವುದೇನೂ ಇಲ್ಲದಿದ್ದರೂ ಅಗಿಯಬೇಕು. ಮಾವಶಿ ಬಾಗಿಲಲ್ಲಿ ನಿಂತು, ಗ್ಲಾಸನ್ನು ಎದೆಯ ಹತ್ತಿರ ಹಿಡಿದು, ದೂರ ನೋಡುತ್ತ ಆ ಹಸಿರನ್ನು ಅಗಿಯುವುದನ್ನು ನೋಡಿದರೆ ಯಾರೋ ಬಹಳ ದೂರದ ಊರಿನವರು ಅವರ ಕಿವಿಯಲ್ಲಿ ಮಾತಾಡುತ್ತಿದ್ದಾರೆ ಅನಿಸುತ್ತಿತ್ತು.

ಅವರ ಇನ್ನೊಂದು ನಂಬಿಕೆ ವಿಚಿತ್ರದ್ದು. ರಕ್ತ ಕಡಿಮೆಯಾಗಿದೆಯೇ ಎಂದು ತಿಳಿಯಲು ಉಳಿದವರು ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡುತ್ತಿದ್ದರು. ಮಾವಶಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ದಿನವಿಡೀ ಮುಖವಿಲ್ಲದ ದನಿಗಳ ಜೊತೆ ಬದುಕಿದ್ದಕ್ಕೋ ಏನೋ, ದನಿಯಲ್ಲೇ ರಕ್ತ ತಿಳಿಯುತ್ತದೆ ಎಂಬುದು ಅವರ ಸಿದ್ಧಾಂತ. “ಒಂದರಿಂದ ಹತ್ತರ ತನಕ ಅನ್ನ” ಎನ್ನುವರು. ಏಳು ಎಂಟು ಬರುವಷ್ಟರಲ್ಲಿ ದನಿ ತೆಳ್ಳಗಾದರೆ ರಕ್ತ ಇಲ್ಲ. ಇದು ಎಷ್ಟು ಸುಳ್ಳು ಎಂಬುದಕ್ಕೆ ಅತ್ತೆಯೇ ಸಾಕ್ಷಿ. ಅತ್ತೆ ಒಮ್ಮೆ ಜ್ವರದಲ್ಲಿ ಮಲಗಿ ಮಗನನ್ನು ಬೈಯುತ್ತಿದ್ದಳು. ಮಾವಶಿ ಅದನ್ನು ಹೊರಗಿನಿಂದಲೇ ಕೇಳಿ, “ಅಕಿಗೇನ ಆಗಿಲ್ಲ, ಕುದರಿ ಆಗ್ಯಾಳ” ಎಂದು ತಿರುಗಿ ಹೋಗಿಬಿಟ್ಟರು. ಅತ್ತೆಗೆ ಆಮೇಲೆ ಗೊತ್ತಾಯಿತು, ಅದು ಕಾಮಣಿ, ಅಂದರೆ ಕಾಮಾಲೆ. ಆ ವಿಷಯಕ್ಕೆ ಕೊನೆಯ ತನಕ ಅವರಿಬ್ಬರ ನಡುವೆ ಜಗಳ ನಡೆದೇ ಇತ್ತು.

ನನ್ನ ವಿಷಯದಲ್ಲಿ ಮಾತ್ರ ಅವರ ಮಾತು ಸರಿಯಾಗಿತ್ತು. ಅಥವಾ ಸರಿಯಾಗಿತ್ತೆಂದು ನಾವೆಲ್ಲ ಆಮೇಲೆ ಒಪ್ಪಿಕೊಂಡೆವು. “ಇಕಿ ದನಿಯೊಳಗ ಏನೂ ಇಲ್ಲ, ಖಾಲಿ ಲೈನ್ ಇದ್ದಂಗ ಐತಿ” ಎಂದು ಅವರು ಅವ್ವನಿಗೆ ಹೇಳಿದ ಕೆಲವು ವಾರಗಳ ಮೇಲೆ, ಬಿ.ಎ. ಕೊನೆಯ ವರ್ಷದಲ್ಲಿ, ನಾನು ಬಸ್ ಸ್ಟ್ಯಾಂಡಿನಲ್ಲಿ ಬಿದ್ದೆ. ಯಾರೋ ಸೋಡಾ ಹಾಕಿ ಎಬ್ಬಿಸಿದರು. ಡಾಕ್ಟರು ರಕ್ತ ಬಹಳ ಕಡಿಮೆ ಎಂದು ಗುಳಿಗೆ ಕೊಟ್ಟರು. ಪರೀಕ್ಷೆಯ ದಿನಗಳಲ್ಲಿ ಮತ್ತೊಮ್ಮೆ ಕಣ್ಣು ಕತ್ತಲೆ ಬಂತು.

ನನಗೆ ಎಂ.ಎ. ಮಾಡಲು ಧಾರವಾಡಕ್ಕೆ ಹೋಗುವ ಆಸೆ. ಅದೊಂದೇ ಆಸೆ ಎಂದರೂ ತಪ್ಪಲ್ಲ. ಅಪ್ಪ ಅಷ್ಟರ ತನಕ ಹೂಂ ಎಂದಿದ್ದವನು ಈಗ ಇಲ್ಲ ಎಂದ. ಗದರಿ ಹೇಳಿದ್ದರೆ ನಾನೂ ಜಗಳಾಡುತ್ತಿದ್ದೆ. ಅವನು ಮೆಲ್ಲಗೆ ಹೇಳಿದ.

“ಇಲ್ಲಿ ಬಿದ್ದರ ಯಾರರ ಮನಿಗಿ ತಂದ ಬಿಡತಾರ. ಅಲ್ಲಿ ಹಾಸ್ಟೆಲಿನ್ಯಾಗ ಬಿದ್ದರ ಹಿಡಿಯಾವರ ಯಾರವಾ? ಬ್ಯಾಡ.”

ಗೋಡೆಯ ಆಚೆ ಮಿಕ್ಸರ್ ನಿಂತಿತು. ಅದು ಆಗಲೇ ನಿಂತಿತೋ, ನಾನು ಹಾಗೆ ಜೋಡಿಸಿಕೊಂಡಿದ್ದೇನೋ. ಮರುದಿನದಿಂದ ಅವರ ಬಾಗಿಲಲ್ಲಿ ಎರಡು ಗ್ಲಾಸು.

ಮೊದಲ ದಿನ ವಾಂತಿ ಬರುವಂತಾಯಿತು. ಬಣ್ಣಕ್ಕೆ, ರುಚಿಗಲ್ಲ. ರುಚಿ ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಮೊದಲು ಬಾಳೆಹಣ್ಣು, ಆಮೇಲೆ ಶುಂಠಿ, ಎಲ್ಲಕ್ಕಿಂತ ಕೊನೆಗೆ ಗಂಟಲಲ್ಲಿ ಹೊಲದ ವಾಸನೆ. “ಅಗೀ” ಎನ್ನುವರು. “ಮಾವಶಿ, ಏನನ್ನ ಅಗೀಲಿ?” “ನಿಮ್ಮಪ್ಪನ ಮ್ಯಾಲಿನ ಸಿಟ್ಟ ಅಗೀ.” ಆಮೇಲೆ ಒಂದರಿಂದ ಹತ್ತು. ಅವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಹೆಡ್‌ಫೋನ್ ಇಲ್ಲದ ಕಿವಿಯ ಮೇಲೆ ಕೈ ಇಟ್ಟುಕೊಂಡು ಕೇಳುವರು. ಬಸ್ಸಿಗೆ ಓಡುವಾಗ ಅವರ ತುಟಿಯ ಮೇಲೆ ಹಸಿರು ಮೀಸೆ ಹಾಗೇ ಇರುತ್ತಿತ್ತು.

ಜೂನ್ ಬಂತು, ಬಿ.ಎ. ಫಲಿತಾಂಶವೂ ಬಂತು, ಪಾಸಾಗಿದ್ದೆ. ಧಾರವಾಡದ ಪ್ರವೇಶಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ. ಮಾವಶಿ ರಜೆ ಹಾಕಿ, “ಇಕಿನ್ನ ಖಾನಾಪುರಕ್ಕ ಕರಕೊಂಡ ಹೋಗ್ತೀನ್ರಿ. ನಮ್ಮ ತಮ್ಮನ ಮನ್ಯಾಗ ತಪ್ಪಲಿಗೆ ಬರಾ ಇಲ್ಲ” ಎಂದು ಅವ್ವನನ್ನು ಕೇಳಿದರು. ಅವ್ವ ಅಪ್ಪನನ್ನು ಕೇಳಿದಳು. ಅತ್ತೆಯೂ ಅದೇ ಊರಲ್ಲಿ ಇದ್ದುದರಿಂದ ಅಪ್ಪ ಹೂಂ ಎಂದ.

ಖಾನಾಪುರದಲ್ಲಿ ಆಗ ಮಿರಗದ ಮಳೆ, ಅಂದರೆ ಮೃಗಶಿರ ಮಳೆ. ಮಾವಶಿಯ ತಮ್ಮನ ಮನೆ ಹೊಳೆಯ ಕಡೆಗೆ, ಹಿತ್ತಲಲ್ಲಿ ರಾಜಗಿರಿಯ ಮಡಿ. ಮನೆಯಲ್ಲಿ ಒಂದು ಮಾತು ಕನ್ನಡ, ಮರುಮಾತು ಮರಾಠಿ. ಕರೆಂಟು ಇದ್ದಷ್ಟು ಹೊತ್ತು ಇರುತ್ತಿತ್ತು, ಮಿಕ್ಸರನ್ನೇನೋ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದರು, ಆದರೆ ಹೆಚ್ಚು ರುಬ್ಬಿದ್ದು ಒರಳಿನಲ್ಲೇ. ಮಾವಶಿ ಬೆಳಿಗ್ಗೆ ಗೋಣಿಚೀಲದ ಕೊಪ್ಪೆ ಹೊದ್ದು ಹೊರಟು ಕೊಯ್ದು ತರುವರು. ಪೇಟೆಯಲ್ಲಿ ಫೋನಿನ ಮುಂದೆ ಕೂರುವ ಹೆಂಗಸು ಇದೇ ಎಂದರೆ ನಂಬುವುದು ಕಷ್ಟ.

ಅಲ್ಲಿ ಆದ ಅವಾಂತರ ಹೇಳಲೇಬೇಕು. ಮೊದಲ ಮಳೆಗೆ ದಾರಿಯ ಬದಿಗೆಲ್ಲ ಟಾಕಳಾ ಎಂಬ ತಪ್ಪಲು ಏಳುತ್ತದೆ. ಖಾನಾಪುರದವರು ಅದರ ಎಳೆ ಕುಡಿಯನ್ನು ಬೆಳ್ಳುಳ್ಳಿ ಹಾಕಿ ಪಲ್ಯ ಮಾಡುತ್ತಾರೆ. ಬೇಯಿಸಿ ಮಾಡುತ್ತಾರೆ. ವರ್ಷದ ಮೊದಲ ಟಾಕಳಾ ಕಂಡ ಸಂಭ್ರಮದಲ್ಲಿ ಮಾವಶಿ ಒಂದು ಬುಟ್ಟಿ ತಂದು, ಬೇಯಿಸಿದರೆ ಸತ್ವ ಹೋಗುತ್ತದೆ ಎಂದು ಹಸಿಯಾಗಿಯೇ ರುಬ್ಬಿ, ಬೆಲ್ಲ ಬಾಳೆಹಣ್ಣು ಕೂಡಿಸಿ ಮನೆಮಂದಿಗೆಲ್ಲ ಕುಡಿಸಿದರು. ತಾವೂ ಕುಡಿದರು, ಅಗಿದು. ಮಧ್ಯಾಹ್ನದ ಹೊತ್ತಿಗೆ ಹಿತ್ತಲಿನ ಒಂದೇ ಪಾಯಖಾನೆಗೆ ಮನೆಯೆಲ್ಲ ಸಾಲುಹಚ್ಚಿತು. ಅವರ ತಮ್ಮ ಕೊಡೆ ಹಿಡಿದು ಮಳೆಯಲ್ಲಿ ನಿಂತು ಬಾಗಿಲು ಬಡಿಯುತ್ತಿದ್ದ.

“ಅಕ್ಕಾ, ಲೈನ್ ಎಂಗೇಜ್ ಐತೇನ?”

ಒಳಗಿನಿಂದ ಮಾವಶಿಯ ದನಿ, ಡ್ಯೂಟಿಯ ಮೇಲೆ ಇದ್ದಷ್ಟೇ ಗಂಭೀರ: “ಕ್ಯೂದಾಗ ಇರ್ರಿ.”

“ಮೂರ ಮಿನಿಟ ಯಾವಾಗರ ಆತು!”

ಸಂಜೆ ಎಲ್ಲರಿಗೂ ಗಂಜಿ. ಮಾವಶಿ ಯಾರ ಕ್ಷಮೆಯನ್ನೂ ಕೇಳಲಿಲ್ಲ. “ಹೊಟ್ಟಿ ಸ್ವಚ್ಛ ಆತಿಲ್ಲೋ” ಎಂದರು. ನನಗೆ ಮಾತ್ರ ತಣ್ಣೀರಿನಲ್ಲಿ ಉಪ್ಪು ಸಕ್ಕರೆ ಕಲಸಿ ತಾಸಿಗೊಮ್ಮೆ ಕುಡಿಸುತ್ತ ಪಕ್ಕದಲ್ಲೇ ಕೂತಿದ್ದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಮತ್ತೆ ಬಿದ್ದರೆ ಧಾರವಾಡ ಮುಗಿದಂತೆ ಎಂದು ನನ್ನಷ್ಟೇ ಅವರಿಗೂ ಗೊತ್ತಿತ್ತು.

ನಾನು ಬೀಳಲಿಲ್ಲ. ರಾಜಗಿರಿ, ಪಾಲಕ್, ನುಗ್ಗೆಯ ಎಳೆ ಎಲೆ ಮತ್ತೆ ಶುರುವಾದವು. ಇಲ್ಲೊಂದು ಮಾತು ಬರೆಯದಿದ್ದರೆ ತಪ್ಪಾಗುತ್ತದೆ. ಡಾಕ್ಟರರ ಗುಳಿಗೆಯನ್ನೂ ನಾನು ಬಿಡದೆ ನುಂಗುತ್ತಿದ್ದೆ. ಗುಳಿಗೆ ತಗೊಳ್ಳಬೇಡ ಎಂದು ಮಾವಶಿ ಯಾವತ್ತೂ ಹೇಳಲಿಲ್ಲ. ಅದನ್ನು ಹಸಿರಿನ ಜೊತೆಗೇ ನುಂಗಿಸುತ್ತಿದ್ದರು. ಹಾಗಾಗಿ ನನ್ನ ಕೆನ್ನೆಗೆ ಬಣ್ಣ ತಂದದ್ದು ಯಾವುದು ಎಂದರೆ ನಾನು ಆಣೆ ಮಾಡಿ ಹೇಳಲಾರೆ. ಬಣ್ಣ ಬಂದದ್ದಂತೂ ಹೌದು. ಅತ್ತೆಯ ಮನೆಯ ಮೆಟ್ಟಿಲನ್ನು ಓಡಿ ಹತ್ತಿದೆ ಎಂದು ಅತ್ತೆಯೇ ಗುರುತಿಸಿದಳು.

ಒಂದು ಮುಂಜಾನೆ ಒಂದರಿಂದ ಹತ್ತು ಮುಗಿಸಿ, ಮಾವಶಿ ನನ್ನನ್ನು ಹನ್ನೊಂದು, ಹನ್ನೆರಡು ಎಂದು ಮುಂದುವರಿಸಲು ಬಿಟ್ಟರು. ಇಪ್ಪತ್ತು ದಾಟಿದ ಮೇಲೆ ಕಣ್ಣು ತೆರೆದು, “ಈಗ ಲೈನ್ ಕೊಡೂಣು” ಎಂದರು.

ನನಗೆ ಅರ್ಥವಾಗಲಿಲ್ಲ. ಪೋಸ್ಟಾಫೀಸಿಗೆ ಹೊರಟೆವು, ದಾರಿಯಲ್ಲಿ ಅತ್ತೆಯೂ ಕೂಡಿಕೊಂಡಳು. ಮಾವಶಿ ಅಪ್ಪನ ಕಚೇರಿಗೆ ಕಾಲ್ ಬುಕ್ ಮಾಡಿದರು. ಎರಡೂ ಕಡೆಯ ಆಪರೇಟರುಗಳು ಅವರ ದನಿ ಗುರುತಿಸಿ ನಕ್ಕರು, ಲೈನು ಬೇಗ ಸಿಕ್ಕಿತು. ಮರದ ಸಣ್ಣ ಕೋಣೆ, ಅರ್ಧ ಗಾಜಿನ ಬಾಗಿಲು. ನಾನು ಅಷ್ಟರ ತನಕ ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿದವಳೇ ಅಲ್ಲ. ಗಾಬರಿಯಲ್ಲಿ, “ಅಪ್ಪಾ, ನಾ ಆರಾಮ ಅದೀನಿ, ಧಾರವಾಡಕ್ಕ ಹೋಗ್ತೀನಿ, ಬೀಳೂದಿಲ್ಲ” ಎಂದು ಪೋಸ್ಟಾಫೀಸಿನವರೆಲ್ಲ ತಿರುಗಿ ನೋಡುವಂತೆ ಕೂಗಿದೆ.

ಆ ಕಡೆಯಿಂದ ಅಪ್ಪ, “ಒದರಬ್ಯಾಡ, ಕೇಳಸ್ತೈತಿ” ಎಂದ.

ನನಗೆ ಆಗ ನೆಗಡಿಯಾಗಿತ್ತು ಎಂದು ಅತ್ತೆ ಹೇಳುತ್ತಾಳೆ. ದನಿ ದಪ್ಪ ಬಂದದ್ದು ಮಳೆಯಲ್ಲಿ ನೆನೆದದ್ದಕ್ಕೆ, ತಪ್ಪಲಿಗಲ್ಲ ಎಂದು. ಅದೂ ಇರಬಹುದು.

ಮಾವಶಿ ನನ್ನ ಕೈಯಿಂದ ಫೋನು ತೆಗೆದುಕೊಂಡರು. “ನೀ ಹೊರಗ ನಿಲ್ಲ” ಎಂದು ಬಾಗಿಲು ಎಳೆದುಕೊಂಡರು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಜಗುಲಿಯ ತಗಡಿನ ಕೆಳಗೆ. ಮಳೆ ಹೊಯ್ಯುತ್ತಿತ್ತು. ಗಾಜಿನಲ್ಲಿ ಮಾವಶಿಯ ಬೆನ್ನು, ಮಾತಿಗೆ ತಕ್ಕಂತೆ ಆಡುವ ಒಂದು ಕೈ, ಇಷ್ಟೇ ಕಂಡದ್ದು. ಹಿಂದವಾಡಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ವರ್ಷಗಟ್ಟಲೆ ಇದ್ದು ಒಂದು ಮಾತು ನೇರ ಆಡದವರು ಅಷ್ಟು ದೂರದಿಂದ ಮಾತಾಡುತ್ತಿದ್ದರು. ಮೂರು ಮಿನಿಟು ದಾಟಿತ್ತು. ಖಾನಾಪುರದ ಆಪರೇಟರ್ ನಡುವೆ ಬಂದಿರಬೇಕು, ಮಾವಶಿ ಯಾರನ್ನೋ ಮರಾಠಿಯಲ್ಲಿ ಗದರಿದ್ದು ಮಾತ್ರ ಕೇಳಿಸಿತು: “ಥಾಂಬ್ ರೇ!” ಸ್ವಲ್ಪ ತಡೆಯೋ, ಎಂದು. ಮತ್ತೆ ಮಾತು ಮುಂದುವರಿಯಿತು.

ಹೊರಗೆ ಬಂದಾಗ ಮಾವಶಿ ಎಂದಿನಂತೆಯೇ ಇದ್ದರು. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಆಗ ಅವಳಿಗೆ ಕನ್ನಡಕ ಇತ್ತೋ ಇಲ್ಲವೋ. ಒರೆಸಿಕೊಂಡದ್ದು ನಿಜ.

ನಾವು ಬೆಳಗಾವಿಗೆ ಮರಳಿದ ದಿನ ಅಪ್ಪ ಅಟ್ಟದಿಂದ ತಗಡಿನ ಟ್ರಂಕು ಇಳಿಸಿ ಅಂಗಳದಲ್ಲಿ ಒರೆಸುತ್ತಿದ್ದ. ನನ್ನ ಕಡೆ ನೋಡದೆ, “ಧಾರವಾಡದ ಸಂತ್ಯಾಗ ತಪ್ಪಲ ಛಲೋ ಸಿಗತಾವಂತ” ಎಂದ. ಅನುಮತಿ ಕೊಟ್ಟದ್ದು ಅಷ್ಟರಲ್ಲೇ.

ಹೊರಡುವ ಮುಂಜಾನೆ ಮಾವಶಿ ಗ್ಲಾಸು ಕೊಡುತ್ತ, ಹಾಸ್ಟೆಲಿನಲ್ಲಿ ಹಿಂದಿನ ಸಾಲಿನ ಖೋಲಿ ಕೇಳಬೇಕು, ಗಾಳಿ ಬರುತ್ತದೆ ಎಂದರು. ಲೈಬ್ರರಿಗೆ ಗುಡ್ಡದ ಒಳದಾರಿ ಹತ್ತಿರ ಎಂದರು. ಮಧ್ಯಾಹ್ನದ ಮೇಲೆ ಓದುವ ಕೋಣೆಯ ಯಾವ ಕಿಟಕಿಯ ಪಕ್ಕ ಬಿಸಿಲು ಬೀಳುವುದಿಲ್ಲ ಎಂದೂ ಹೇಳಿದರು.

“ನೀವ ಯಾವಾಗ ಹೋಗಿದ್ರಿ ಮಾವಶಿ?”

“ನಾ ಎಲ್ಲಿ ಹೋಗೇನಿ. ಎಲ್ಲಾ ಕೇಳಿ ತಿಳಕೊಂಡಿದ್ದೆ, ಒಂದ ಸಲ.”

“ಯಾವಾಗ? ಯಾಕ?”

“ಮೂರ ಮಿನಿಟ ಆತು” ಎಂದು ಖಾಲಿ ಗ್ಲಾಸು ತೆಗೆದುಕೊಂಡು ಒಳಗೆ ಹೋದರು. ನನಗೆ ಬಸ್ಸಿನ ಗಡಿಬಿಡಿ. ಮತ್ತೆ ಕೇಳಲಿಲ್ಲ, ಕೇಳಬೇಕೆಂದು ತೋಚಲೂ ಇಲ್ಲ.

ಹಿಂದಿನ ಸಾಲಿನ ಖೋಲಿಗೆ ಗಾಳಿ ನಿಜಕ್ಕೂ ಬರುತ್ತಿತ್ತು. ಧಾರವಾಡದಲ್ಲಿ ಎರಡು ವರ್ಷ ನಾನು ಒಮ್ಮೆಯೂ ಬೀಳಲಿಲ್ಲ. ಮೆಸ್ಸಿನಲ್ಲಿ ರೊಟ್ಟಿಯ ಜೊತೆ ಹಸಿ ಮೆಂತ್ಯೆಯ ಕಟ್ಟನ್ನೇ ಇಟ್ಟುಕೊಂಡು ತಿನ್ನುವವಳೆಂದು ಹುಡುಗಿಯರು ನಗುತ್ತಿದ್ದರು. ರಜೆಗೆ ಬಂದಾಗ ಬಾಗಿಲಲ್ಲಿ ಎರಡು ಗ್ಲಾಸು ಇರುತ್ತಿದ್ದವು. ಆಮೇಲಿನ ವರ್ಷಗಳಲ್ಲಿ ನಂಬರು ತಿರುಗಿಸಿದರೆ ತಾನೇ ಲೈನು ಸಿಗುವಂತಾಯಿತು. ಮಾವಶಿಯನ್ನು ಬೋರ್ಡಿನಿಂದ ಎಬ್ಬಿಸಿ ವಿಚಾರಣೆಯ ಮೇಜಿಗೆ ಹಾಕಿದರು. ದುಃಖವಾಯಿತೇ ಎಂದರೆ, “ಈಗ ಡ್ಯೂಟಿ ಮ್ಯಾಲೆ ರೊಟ್ಟಿ ತಿನ್ನಬಹುದು” ಎಂದರು. ಆದರೂ ಕುಡಿಯುವುದನ್ನು ಬಿಡಲಿಲ್ಲ. ಇವತ್ತು ನನ್ನ ಅಡುಗೆಮನೆಯಲ್ಲಿಯೂ ಅದೇ ನಡೆಯುತ್ತದೆ, ಮನೆಯ ಚಿಕ್ಕವರು ಅದಕ್ಕೆ ಸ್ಮೂದಿ ಎನ್ನುತ್ತಾರೆ. ಮಾವಶಿ ಅದಕ್ಕೆ ಹೆಸರನ್ನೇ ಇಟ್ಟಿರಲಿಲ್ಲ.

ಇಷ್ಟು ಬರೆದ ಮೇಲೆ ನಾನು ಅತ್ತೆಗೆ ತಿರುಗಿ ಫೋನ್ ಮಾಡಿದೆ. ಸಾಲೆ ಮುಗಿದ ವರ್ಷ ಇಬ್ಬರೂ ಏನು ಮಾಡಿದಿರಿ ಎಂದು ಸುತ್ತುಬಳಸಿ ಶುರು ಮಾಡಿದೆ. ಅತ್ತೆ ತನ್ನ ಮದುವೆಯ ಕಥೆ ಹೇಳಿದಳು, ಹೊಳೆಗೆ ಮಹಾಪೂರ ಬಂದ ಕಥೆ ಹೇಳಿದಳು. ಗೆಳತಿಯ ಹೆಸರು ಬಂದಲ್ಲಿ ಪಕ್ಕದ ಓಣಿಗೆ ತಿರುಗಿದಳು. ಕೊನೆಗೆ ನಾನು ನೇರ ಕೇಳಿದೆ.

“ಹಲೋ? ಹಲೋ? ನಿನ್ನ ದನಿ ಬರವಲ್ದವಾ” ಎಂದಳು ಅತ್ತೆ.

ನನಗೆ ಅವಳ ಉಸಿರೂ ಕೇಳುತ್ತಿತ್ತು. ಇನ್ನೊಮ್ಮೆ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದೆ:

“ಅತ್ತಿ, ಮಾವಶಿನೂ ಒಮ್ಮೆ ಧಾರವಾಡಕ್ಕ ಹೋಗಾಕ ಟ್ರಂಕ ಕಟ್ಟಿದ್ರೇನು? ಅವರನ್ನ ಯಾರ ಬ್ಯಾಡ ಅಂದ್ರು?”